ವಿಟಮಿನ್ ಬಾಟಲಿಯಲ್ಲಿ ಬಂದ ಮದ್ದು

"ನಿಂಗೆ ಎಂತ ಕಡಿಮೆ ಆಗಿದೆ ಮಾರಾಯ್ತಿ?"

ಈ ಪ್ರಶ್ನೆಯನ್ನು ನನಗೆ ಕೇಳದ ಪರಿಚಯದವರು ಕುವೈತಿನ ಈ ಅಬ್ಬಾಸಿಯಾದಲ್ಲಿ ಯಾರೂ ಉಳಿದಿಲ್ಲ. ಗಂಡನಿಗೆ ಒಳ್ಳೆಯ ಕೆಲಸ, ನನಗೂ ಕೆಲಸ, ಓದಿನಲ್ಲಿ ಚುರುಕಾದ ಒಬ್ಬಳೇ ಮಗಳು, ಎರಡು ಕೋಣೆಯ ಫ್ಲಾಟು, ಕಾರು. ಇಷ್ಟೆಲ್ಲ ಇರುವವಳಿಗೆ ಡಿಪ್ರೆಶನ್ ಬರಕೂಡದು ಎಂದು ಯಾರೋ ಕಾನೂನು ಮಾಡಿಟ್ಟ ಹಾಗೆ ಮಾತಾಡುತ್ತಾರೆ. ಫ್ಲಾಟು, ಕಾರು ಇರುವವರಿಗೆ ಕಾಮಾಲೆ ಬರುವುದಿಲ್ಲವೇ? ಕಿಡ್ನಿಯಲ್ಲಿ ಕಲ್ಲಾದವನ ಹತ್ತಿರ ಹೋಗಿ, ನಿನಗೇನು ಕಡಿಮೆಯಾಗಿತ್ತು ಎಂದು ಯಾರಾದರೂ ಕೇಳಿದ್ದುಂಟೇ?

ನಾನೀಗ ಹುಷಾರಾಗಿದ್ದೇನೆ. ಮದ್ದು ಇನ್ನೂ ನಡೆಯುತ್ತಿದೆ, ಇನ್ನಷ್ಟು ಕಾಲ ನಡೆಯಬೇಕಂತೆ. ನನ್ನ ಹಾಗೆ ಬಾಯಿ ಮುಚ್ಚಿಕೊಂಡು ಕೂತವರು ಯಾರಾದರೂ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಅದಕ್ಕೂ ಕಾರಣ ಉಂಟು, ಮುಂದೆ ಹೇಳುತ್ತೇನೆ.

ನಾನು ಇಲ್ಲಿನ ರಾಯ್ ಎಂಬ ಪ್ರದೇಶದ ಒಂದು ಸೋಫಾ ಶೋರೂಮಿನ ಆಫೀಸಿನಲ್ಲಿ ಕೆಲಸ ಮಾಡುವವಳು. ಸೋಫಾ ಕೊಂಡವರಿಗೆ ಫೋನ್ ಮಾಡಿ, ನಿಮ್ಮ ಸಾಮಾನು ಯಾವಾಗ ಬರುತ್ತದೆ, ಲಿಫ್ಟ್ ಉಂಟೋ ಇಲ್ಲವೋ ಎಂದು ಕೇಳಿ ಗಾಡಿ ಕಳಿಸುವುದು ನನ್ನ ಕೆಲಸ. ಅರಬಿ, ಹಿಂದಿ, ಇಂಗ್ಲಿಷ್ ಮೂರನ್ನೂ ಕಲಸಿ ಮಾತಾಡುವುದರಲ್ಲಿ ನನ್ನನ್ನು ಮೀರಿಸುವವರು ಅಲ್ಲಿ ಇರಲಿಲ್ಲ. ಅಂಥವಳಿಗೆ ಒಂದು ಹಂತದಲ್ಲಿ ಫೋನ್ ಎತ್ತುವುದೇ ಕಷ್ಟವಾಯಿತು. ಎತ್ತಿದರೆ ಏನು ಹೇಳಬೇಕೆಂದು ತೋಚುತ್ತಿರಲಿಲ್ಲ. ತಲೆ ಬಾಚುವುದು, ಸ್ನಾನ ಮಾಡುವುದು, ಕುಕ್ಕರ್ ಇಡುವುದು ಎಲ್ಲವೂ ಯಾರೋ ಹೇರಿದ ಭಾರವಾಯಿತು. ಅಬ್ಬಾಸಿಯಾದ ಸೂಪರ್ ಮಾರ್ಕೆಟ್ಟಿನಲ್ಲಿ ಒಂದು ದಿನ ಬಂಗುಡೆ ತೆಗೆದುಕೊಳ್ಳಲೋ ಅಂಜಲ್ ತೆಗೆದುಕೊಳ್ಳಲೋ ಎಂದು ತೀರ್ಮಾನಿಸಲಾಗದೆ ಅಲ್ಲೇ ನಿಂತು ಅತ್ತುಬಿಟ್ಟೆ. ಮೀನು ಕತ್ತರಿಸುವ ಭಾಯಿ ಗಾಬರಿಯಾಗಿ "ಮೇಡಂ, ಸಬ್ ತಾಜಾ ಹೈ" ಎಂದ. ಮೀನು ಹಳತು ಎಂದು ನಾನು ಅಳುತ್ತಿದ್ದೇನೆಂದು ಪಾಪ ಅವನು ತಿಳಿದುಕೊಂಡಿದ್ದ.

ಮನೆಯಲ್ಲಿ ನಾವು ಮಾತಾಡುವುದು ತುಳು. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತೇನೆ. ನನ್ನ ಗಂಡನ ಹೆಸರು ಗಂಗಾಧರ. ಊರಿನ ರೂಢಿಯಂತೆ ನಾನು "ಇವರು" ಎನ್ನುತ್ತೇನೆ. ಇವರು ಕೆಟ್ಟವರಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುವಾಗ ನಿಮಗೆ ಹಾಗೆ ಅನಿಸಬಹುದು.

"ಸ್ವಲ್ಪ ವಾಕಿಂಗ್ ಮಾಡು. ಮನೆ, ಆಫೀಸು ಅಂತ ಕೂತ್ರೆ ಯಾರಿಗಾದ್ರೂ ಮಂಡೆ ಬಿಸಿ ಆಗ್ತದೆ" ಎಂದರು ಇವರು.

ವಾಕಿಂಗ್ ಮಾಡಿದೆ. ಬಿಸಿಲು ಇಳಿದ ಮೇಲೆ ಬಿಲ್ಡಿಂಗಿನ ಸುತ್ತ ಸುತ್ತಿ ಬರುವಾಗ, ರಾತ್ರಿ ಮಲಗಿದವಳು ಬೆಳಗ್ಗೆ ಏಳದಿದ್ದರೆ ಎಷ್ಟು ಒಳ್ಳೆಯದಿತ್ತು ಎಂದು ಯೋಚಿಸುತ್ತಿದ್ದೆ. ಅದನ್ನು ಇವರಿಗೆ ಹೇಳಲಿಲ್ಲ. ಹೇಳಿದ್ದರೆ ಇನ್ನೂ ಎರಡು ಸುತ್ತು ನಡೆಯಲು ಹೇಳುತ್ತಿದ್ದರೇನೋ.

ರಜೆಯಲ್ಲಿ ಮಂಗಳೂರಿಗೆ ಹೋದಾಗ ಸುಸ್ತಿಗೆಂದು ಡಾಕ್ಟರಿಗೆ ತೋರಿಸಿದೆವು. ಥೈರಾಯಿಡ್, ಸಕ್ಕರೆ, ರಕ್ತ, ಬಿ12 ಎಲ್ಲ ಪರೀಕ್ಷೆಯೂ ಆಯಿತು. ಎಲ್ಲವೂ ಸರಿ ಇತ್ತು. ಜೊತೆಗೆ ಬಂದಿದ್ದ ನನ್ನ ಅತ್ತಿಗೆ, ಅಂದರೆ ಇವರ ಅಕ್ಕ ಪ್ರಮೀಳ, ರಿಪೋರ್ಟನ್ನು ಎರಡೆರಡು ಸಲ ಓದಿದರು.

"ಎಲ್ಲ ನಾರ್ಮಲ್ ಉಂಟಲ್ಲ. ಮತ್ತೆ ನಿನ್ನದು ಎಂತದು?"

ಅವರ ಮುಖದಲ್ಲಿ ನಿರಾಸೆ ಕಾಣುತ್ತಿತ್ತು. ಥೈರಾಯಿಡ್ ಆಗಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಯಾವುದೂ ಇಲ್ಲದ್ದರಿಂದ ನಾನು ಸೋಮಾರಿ ಎಂದು ರಕ್ತಪರೀಕ್ಷೆಯಲ್ಲೇ ಸಾಬೀತಾದಂತಾಯಿತು. ಆದರೆ ಆ ಡಾಕ್ಟರು ಪುಣ್ಯಾತ್ಮರು, ನನ್ನನ್ನು ನೋಡಿ ಮನೋವೈದ್ಯರ ಹತ್ತಿರ ಒಮ್ಮೆ ಹೋಗಿ ಬನ್ನಿ ಎಂದರು. ಅತ್ತಿಗೆ ಆ ಶಬ್ದ ಕೇಳಿದ್ದೇ ಎದ್ದುಹೋಗಿ ಬಾಗಿಲು ಸರಿಯಾಗಿ ಮುಚ್ಚಿದೆಯೋ ಎಂದು ನೋಡಿ ಬಂದರು.

ಮನೋವೈದ್ಯರ ಕ್ಲಿನಿಕ್ಕಿಗೆ ಇವರು ನನ್ನನ್ನು ಬಿಟ್ಟು ಕಾರಿನಲ್ಲೇ ಕೂತರು. ಪಾರ್ಕಿಂಗ್ ಸಿಗಲಿಲ್ಲ ಎಂದರು. ಜಾಗ ಬೇಕಾದಷ್ಟಿತ್ತು. ಒಳಗೆ ಕಾಯುವ ಕೋಣೆಯಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಂಡಿದ್ದರು. ಯಾರಿಗೂ ನೆಗಡಿ ಇದ್ದ ಹಾಗೆ ಕಾಣಲಿಲ್ಲ. ಒಬ್ಬರು ಪೇಪರನ್ನು ಮುಖದ ಎದುರು ಹಿಡಿದವರು ಕೊನೆಯವರೆಗೂ ಪುಟ ತಿರುಗಿಸಲಿಲ್ಲ. ನಾನೂ ಸೆರಗನ್ನು ಹೊದ್ದು ಗೋಡೆ ನೋಡುತ್ತಾ ಕೂತೆ. ಅಷ್ಟು ಜನ ಕಾಯಿಲೆಯವರು ಒಂದೇ ಕೋಣೆಯಲ್ಲಿದ್ದೂ ಒಬ್ಬರಿಗೊಬ್ಬರು ಕಾಣಿಸಬಾರದು ಎಂದು ಒದ್ದಾಡುತ್ತಿದ್ದೆವು.

ಡಾಕ್ಟರು ನನ್ನ ವಯಸ್ಸಿನ ಹೆಂಗಸು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಆ ಬೆಳಗ್ಗೆ ಏಳದಿರುವ ಯೋಚನೆಯನ್ನೂ ಹೇಳಿದೆ. ಅವರು ಹೌಹಾರಲಿಲ್ಲ.

"ಎಷ್ಟು ಸಮಯದಿಂದ ನಿಮಗೆ ನೀವೇ ಹೀಗೆ ಬೈಕೊಳ್ತಾ ಇದ್ದೀರಿ?" ಎಂದು ಕೇಳಿದರು. "ಇದು ಸೋಮಾರಿತನ ಅಲ್ಲ, ಸ್ವಭಾವವೂ ಅಲ್ಲ. ಕಾಯಿಲೆ. ಇದಕ್ಕೆ ಡಿಪ್ರೆಶನ್ ಅಂತ ಹೆಸರು, ಮದ್ದು ಉಂಟು, ಗುಣ ಆಗ್ತದೆ. ನಿಧಾನ ಆಗ್ತದೆ, ಅಷ್ಟೆ. ಮತ್ತೆ ಒಂದು ವಿಷಯ, ಹುಷಾರಾದ ಹಾಗೆ ಕಂಡರೂ ನನ್ನನ್ನು ಕೇಳದೆ ಫಕ್ಕನೆ ಮಾತ್ರೆ ಬಿಡಬಾರದು."

ಕಾಯಿಲೆ ಎಂಬ ಶಬ್ದ ಕೇಳಿ ಅಷ್ಟು ಸಮಾಧಾನವಾದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಹೊರಗೆ ಬಂದು ಕಾರಿನಲ್ಲಿ ಕೂತು ಹೇಳಿದೆ, "ಕಾಯಿಲೆಯಂತೆ." ಇವರು ಸ್ಟೇರಿಂಗ್ ಹಿಡಿದುಕೊಂಡು ಅತ್ತಿತ್ತ ನೋಡಿದರು. ಕಿಟಕಿ ತೆರೆದಿತ್ತು, ಅದನ್ನು ಏರಿಸಿದರು.

ಕೆಲವು ತಿಂಗಳಿಗಾಗುವಷ್ಟು ಮಾತ್ರೆ ಕಟ್ಟಿಕೊಂಡು ಕುವೈತಿಗೆ ವಾಪಸಾದೆವು. ಬಂದ ಕೂಡಲೇ ಮನೆಯಲ್ಲಿ ಕಾನೂನು ಜಾರಿಯಾಯಿತು. ಯಾರು ಕೇಳಿದರೂ "ಸುಸ್ತು, ಬಿ12 ಕಡಿಮೆ" ಎನ್ನಬೇಕು. ಮಾತ್ರೆ ಬಟ್ಟೆಯ ಕಪಾಟಿನಲ್ಲಿ ಸೀರೆಗಳ ಅಡಿ ಇರಬೇಕು. ಹತ್ತನೆಯ ಕ್ಲಾಸಿನ ಮಗಳು ನಿಧಿಗೆ ಹೇಳಕೂಡದು.

"ಕಂಪೆನಿಗೆ ಗೊತ್ತಾದ್ರೆ ಕಫೀಲ್ ಇಕಾಮಾ ರಿನ್ಯೂ ಮಾಡ್ತಾನಾ? ಖಲಾಸ್, ಕಟ್ಟು ಕಟ್ಟಿ ಊರಿಗೆ ಹೋಗ್ಬೇಕು" ಎಂದರು ಇವರು. ಕಫೀಲ್ ಅಂದರೆ ನಮ್ಮನ್ನು ಇಲ್ಲಿ ಕೆಲಸಕ್ಕೆ ಕರೆಸಿಕೊಂಡ ಪ್ರಾಯೋಜಕ, ಇಕಾಮಾ ಅಂದರೆ ಇಲ್ಲಿ ಇರಲು ಬೇಕಾದ ಪರವಾನಗಿ.

"ಹಾಗೆ ಯಾರದ್ದು ಇಕಾಮಾ ಹೋಗಿದೆ?"

"ಯಾರದ್ದೋ ಹೋಗಿದೆಯಂತೆ."

ಆ ಯಾರದ್ದೋ ಎಂಬ ಮನುಷ್ಯನನ್ನು ನಾನು ಇವತ್ತಿನವರೆಗೆ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಅತ್ತಿಗೆಯದ್ದು ಇನ್ನೂ ಮುಂದಿನ ಯೋಚನೆ. "ನಾಳೆ ನಿಧಿಗೆ ಸಂಬಂಧ ನೋಡುವಾಗ ತಾಯಿಗೆ ಮಂಡೆ ಸಮ ಇಲ್ಲ ಅಂತ ಗೊತ್ತಾದ್ರೆ?" ಎಂದು ಫೋನಿನಲ್ಲಿ ಕೇಳಿದರು. ಮಗಳಿಗೆ ಆಗ ಗಣಿತದ ಪರೀಕ್ಷೆಯದೇ ಚಿಂತೆ, ಅತ್ತಿಗೆಗೆ ಅವಳ ಮದುವೆಯದು.

ಮದ್ದು ಮೆಲ್ಲಗೆ ಹಿಡಿಯಿತು. ಮೊದಲು ಗುಣ ಕಂಡದ್ದು ಹೇಗೆ ಎಂದು ಕೇಳಿ. ನಮ್ಮ ಬಿಲ್ಡಿಂಗಿನ ಲಿಫ್ಟ್ ಕೆಟ್ಟು ನಿಂತಿತ್ತು. ಅಕ್ಕಿ ಚೀಲ ಹೊತ್ತು ಮೂರನೆಯ ಮಹಡಿಗೆ ಹತ್ತಿದ ನಾನು ಕೆಳಗಿಳಿದು ಬಂದು ಹಾರಿಸನಿಗೆ, ಅಂದರೆ ಬಿಲ್ಡಿಂಗಿನ ಕಾವಲುಗಾರನಿಗೆ, ಚೆನ್ನಾಗಿ ಬೈದೆ. ಬೈದು ಮೇಲೆ ಬಂದಾಗ ನನಗೇ ಆಶ್ಚರ್ಯವಾಯಿತು. ಎಷ್ಟೋ ಸಮಯದಿಂದ ನನಗೆ ಸಿಟ್ಟೇ ಬಂದಿರಲಿಲ್ಲ. ಸಿಟ್ಟು ಬರಲಿಕ್ಕೂ ಮೈಯಲ್ಲಿ ಜೀವ ಬೇಕು. ಅದಕ್ಕೇ ಈ ಸಿಟ್ಟನ್ನು ನಾನು ಬಿಟ್ಟುಕೊಡುವುದಿಲ್ಲ.

ಮಾತ್ರೆ ಮುಗಿಯುತ್ತಾ ಬಂತು. ಇಲ್ಲಿ ನಮ್ಮವರದ್ದು ಒಂದು ಪದ್ಧತಿ ಉಂಟು. ಯಾರಾದರೂ ಊರಿಗೆ ಹೊರಟರೆ ಸಾಕು, ಫೋನ್ ಹೋಗುತ್ತದೆ, "ಬರುವಾಗ ನಮ್ಮದೊಂದು ಸಣ್ಣ ಕಟ್ಟು ಉಂಟು." ಯಾರೂ ಇಲ್ಲವೆನ್ನುವುದಿಲ್ಲ. ಹಪ್ಪಳ, ಒಣಮೀನು, ಕುಚ್ಚಲಕ್ಕಿ ಎಲ್ಲ ಬರುವುದು ಹಾಗೆಯೇ. ಹೆಚ್ಚಿನವರ ಮದ್ದು ಬರುವುದೂ ಹಾಗೆಯೇ. ಯಾರದ್ದು ಬಿಪಿ, ಯಾರದ್ದು ಶುಗರ್ ಎಂದು ಅಬ್ಬಾಸಿಯಾದ ಅರ್ಧ ಜನಕ್ಕೆ ಗೊತ್ತಿರುವುದು ಈ ಕಟ್ಟುಗಳಿಂದ. ಇದಕ್ಕೊಂದು ನಿಯಮವೂ ಉಂಟು, ಹೊಸದಾಗಿ ಬಂದವರಿಗೂ ಮೊದಲು ಕಲಿಸುವುದು ಅದನ್ನೇ. ಮಾತ್ರೆ ಸ್ಟ್ರಿಪ್ಪಿನಲ್ಲೇ ಇರಬೇಕು, ಜೊತೆಗೆ ಡಾಕ್ಟರ ಚೀಟಿ ಇರಬೇಕು, ತರುವವನಿಗೆ ಒಳಗೇನಿದೆ ಎಂದು ಗೊತ್ತಿರಬೇಕು.

ಎಲ್ಲರ ಮದ್ದಿಗೂ ಇದ್ದ ಈ ನಿಯಮ ನನ್ನ ಮದ್ದಿಗೆ ಬೇಡವಾಯಿತು. ಸ್ಟ್ರಿಪ್ಪಿನ ಮೇಲೆ ಹೆಸರಿರುತ್ತದೆ, ತರುವವನು ಮೊಬೈಲಿನಲ್ಲಿ ಹುಡುಕಿದರೆ ಏನೆಂದು ಗೊತ್ತಾಗುತ್ತದೆ. ಆದ್ದರಿಂದ ಇವರು ಮತ್ತು ಅತ್ತಿಗೆ ಸೇರಿ ಒಂದು ಉಪಾಯ ಮಾಡಿದರು. ಅತ್ತಿಗೆ ಕೂತು ಒಂದೊಂದೇ ಮಾತ್ರೆಯನ್ನು ಸ್ಟ್ರಿಪ್ಪಿನಿಂದ ಬಿಡಿಸಿ, ಖಾಲಿ ವಿಟಮಿನ್ ಬಾಟಲಿಗೆ ತುಂಬಿಸಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಊರಿಗೆ ಹೋಗಿದ್ದ ವಿಠಲಣ್ಣನ ಕೈಗೆ ಕೊಟ್ಟರು. ವಿಠಲಣ್ಣ ಇಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಮೇಲ್ವಿಚಾರಕ. ಯಾರ ಕಟ್ಟನ್ನೂ ಬೇಡವೆನ್ನದ ಮನುಷ್ಯ. ಈ ಉಪಾಯ ನನಗೆ ತಿಳಿದದ್ದು ಆಮೇಲೆ.

ವಿಠಲಣ್ಣನ ವಿಮಾನ ಇಳಿಯುವುದು ಬೆಳಗ್ಗೆ. ಇವರು ಚಾ ಕುಡಿಯುತ್ತಿದ್ದಾಗ ಏರ್‌ಪೋರ್ಟಿನಿಂದ ಫೋನ್ ಬಂತು. ಇವರು ಚಾದ ಲೋಟ ಕೆಳಗಿಟ್ಟರು.

"ವಿಠಲನನ್ನು ಏರ್‌ಪೋರ್ಟಿನಲ್ಲಿ ನಿಲ್ಲಿಸಿದ್ದಾರೆ. ಬಾಟಲಿ ತೆರೆದ್ರಂತೆ. ವಿಟಮಿನ್ ಅಂತ ಹೇಳಿದ್ದಾನೆ, ಅವರು ನಂಬಲಿಲ್ಲ."

"ಯಾವ ಬಾಟಲಿ?"

ಆಗ ಹೇಳಿದರು. ನಾನು ಕಪಾಟು ತೆರೆದು ಸೀರೆಗಳನ್ನೆಲ್ಲ ಕೆಳಗೆಳೆದು ಉಳಿದಿದ್ದ ಸ್ಟ್ರಿಪ್ಪು, ಡಾಕ್ಟರ ಚೀಟಿ ತೆಗೆದುಕೊಂಡೆ. ಸ್ಟ್ರಿಪ್ಪಿನಲ್ಲಿ ಎರಡು ಮಾತ್ರೆ ಇದ್ದವು.

"ನೀನು ಮನೆಯಲ್ಲೇ ಇರು. ನಾನು ಏನಾದರೂ ಹೇಳಿ ಬಿಡಿಸಿ ತರ್ತೇನೆ."

"ಎಂತ ಹೇಳ್ತೀರಿ? ಬಿ12?"

ಕಾರಿನಲ್ಲಿ ಹೋಗುವಾಗ ನನಗೆ ವಿಠಲಣ್ಣನದೇ ಯೋಚನೆ. ಅವನಿಗೆ ಊರಿನಲ್ಲಿ ಮೂವರು ಮಕ್ಕಳು. ಬೇರೆಯವರ ಗುಟ್ಟಿಗಾಗಿ ಅವನ ಕೆಲಸ ಹೋದರೆ ಯಾರು ಉತ್ತರ ಕೊಡುತ್ತಾರೆ? ಅಲ್ಲಿ ಸ್ವಲ್ಪ ಹೊತ್ತು ಹೊರಗೆ ನಿಲ್ಲಿಸಿ ಆಮೇಲೆ ಒಂದು ಕೋಣೆಗೆ ಕರೆದರು. ವಿಠಲಣ್ಣ ಮೂಲೆಯ ಕುರ್ಚಿಯಲ್ಲಿ ತಲೆ ಬಗ್ಗಿಸಿ ಕೂತಿದ್ದ. ಅವನ ಪೆಟ್ಟಿಗೆ ಬಾಯಿ ತೆರೆದು ಬಿದ್ದಿತ್ತು, ಬೇರೆ ಯಾರಿಗೋ ತಂದ ಹಪ್ಪಳ ಮುರಿದು ಚೆಲ್ಲಿತ್ತು. ಮೇಜಿನ ಹಿಂದಿದ್ದ ಯುವ ಅಧಿಕಾರಿ ಬಾಟಲಿಯನ್ನು ಅಲುಗಾಡಿಸಿ ಇಂಗ್ಲಿಷಿನಲ್ಲಿ ಇದು ಏನು, ಯಾರದು ಎಂದು ಕೇಳಿದ.

"ಮೈ ಮದರ್. ಹಾರ್ಟ್" ಎಂದರು ಇವರು.

ನನ್ನ ಪಕ್ಕದಲ್ಲಿ ನಿಂತು ಹೇಳಿದರು. ಕುರ್ಚಿಯಲ್ಲಿ ಒಬ್ಬ ಮನುಷ್ಯ ಕಳ್ಳನ ಹಾಗೆ ಕೂತಿರುವಾಗ, ಸತ್ತು ಎಷ್ಟೋ ವರ್ಷವಾದ ನನ್ನ ಅತ್ತೆಯನ್ನು ಎಬ್ಬಿಸಿ ಹೃದ್ರೋಗ ಹಚ್ಚಿದರು, ನನ್ನ ಕಾಯಿಲೆಯ ಹೆಸರು ಹೇಳಲಿಲ್ಲ. ನಾನು ಚೀಟಿಯನ್ನೂ ಸ್ಟ್ರಿಪ್ಪನ್ನೂ ಮೇಜಿನ ಮೇಲಿಟ್ಟೆ.

"ನೋ ಮದರ್. ಇದು ನನ್ನದು. ಡಿಪ್ರೆಶನ್ ಮದ್ದು. ಈ ಮನುಷ್ಯನಿಗೆ ಏನೂ ಗೊತ್ತಿಲ್ಲ" ಎಂದು ನನಗೆ ಬರುವ ಇಂಗ್ಲಿಷು, ಅರಬಿ ಎರಡರಲ್ಲೂ ಹೇಳಿದೆ.

ಅಧಿಕಾರಿ ಪಕ್ಕದವನತ್ತ ತಿರುಗಿ "ಇಕ್ತಿಆಬ್" ಎಂದ. ಅರಬಿಯಲ್ಲಿ ಡಿಪ್ರೆಶನ್ನಿಗೆ ಅದೇ ಶಬ್ದ. ಪಕ್ಕದವನು ತಲೆಯಾಡಿಸಿ ಸ್ಟ್ರಿಪ್ಪಿನ ಮಾತ್ರೆಯನ್ನೂ ಬಾಟಲಿಯ ಮಾತ್ರೆಯನ್ನೂ ಹೋಲಿಸಿ ನೋಡಿದ. ಆಮೇಲೆ ಅಧಿಕಾರಿ ನಮ್ಮ ಮೂವರನ್ನೂ ನೋಡಿ ಕೇಳಿದ, "ಹಾಗಾದರೆ ವಿಟಮಿನ್ ಬಾಟಲಿ ಯಾಕೆ?"

ಇವರು ನೆಲ ನೋಡಿದರು. ನಾನು ಇವರನ್ನು ನೋಡಿದೆ.

ಬಾಟಲಿ ಅಲ್ಲೇ ಉಳಿಯಿತು. ಅದು ಅವರ ನಿಯಮ, ಅದರಲ್ಲಿ ತಪ್ಪಿಲ್ಲ. ಬಹಳ ಹೊತ್ತಿನ ಮೇಲೆ ಸಹಿ ಹಾಕಿಸಿಕೊಂಡು ವಿಠಲಣ್ಣನನ್ನು ಬಿಟ್ಟರು. ಹೊರಗೆ ಬಂದು ಅವನು ಇವರ ಮುಖ ನೋಡಲಿಲ್ಲ, ನನ್ನ ಹತ್ತಿರ ಬಂದ.

"ಅಕ್ಕ, ಒಂದು ಮಾತು ಹೇಳಿದ್ರೆ ನಾನು ಚೀಟಿ ಸಮೇತ ಕೈಯಲ್ಲಿ ಹಿಡ್ಕೊಂಡು ಬರ್ತಿದ್ದೆ. ಶುಗರಿನದ್ದು ತರುವುದಿಲ್ವಾ ನಾನು? ನನ್ನನ್ನು ನಂಬ್ಲಿಕ್ಕೆ ಆಗ್ಲಿಲ್ಲ ಅಲ್ವಾ ನಿಮಗೆ" ಎಂದ.

ನಾನು ಅವನ ಕೈ ಹಿಡಿದು ನಿಂತೆ. ಆಮೇಲೆ ಅವನು ಪೆಟ್ಟಿಗೆ ಎತ್ತಿಕೊಂಡು ಟ್ಯಾಕ್ಸಿ ಹತ್ತಿ ಹೋದ. ಇವರು ಸುದ್ದಿ ತಿಳಿಸಿದ್ದಕ್ಕೆ ಅಷ್ಟರಲ್ಲಿ ಅತ್ತಿಗೆಯ ವಾಯ್ಸ್ ಮೆಸೇಜ್ ಬಂತು. ಇವರು ಕಾರಿನಲ್ಲಿ ಹಾಕಿದರು. "ಅಯ್ಯೋ ದೇವರೇ, ಈಗ ವಿಠಲನ ಹೆಂಡ್ತಿಗೆ ಗೊತ್ತಾಗ್ತದೆ, ಅವಳಿಗೆ ಗೊತ್ತಾದ್ರೆ ಇಡೀ ಕೇರಿಗೆ ಗೊತ್ತಾಗ್ತದೆ, ಇನ್ನು ಮುಖ ತೋರಿಸುವುದು ಹೇಗೆ?" ಒಂದೂವರೆ ನಿಮಿಷದ ಮೆಸೇಜು. ಕೊನೆಯವರೆಗೂ ಕೇಳಿದೆ. ನಿನ್ನ ಹತ್ತಿರ ಇನ್ನು ಎಷ್ಟು ಮಾತ್ರೆ ಉಂಟು, ನಾಡಿದ್ದಿಗೆ ಏನು ಮಾಡ್ತಿ ಎಂದು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಆಗ ನನ್ನ ತಾಳ್ಮೆ ಮುಗಿಯಿತು.

"ಎರಡು ಮಾತ್ರೆ ಉಂಟು. ಅದು ಮುಗಿದ್ರೆ ನಾನು ಮತ್ತೆ ಅಲ್ಲಿಗೇ ಹೋಗ್ತೇನೆ. ಎಲ್ಲಿಗೆ ಅಂತ ನಿಮಗೆ ಗೊತ್ತಿಲ್ಲ, ಯಾಕೆ ಅಂದ್ರೆ ನೀವು ಕೇಳ್ಲಿಲ್ಲ. ಬೆಳಗ್ಗೆ ಏಳದೆ ಇದ್ರೆ ಒಳ್ಳೇದಿತ್ತು ಅಂತ ದಿನಾ ರಾತ್ರಿ ಮಲಗ್ತಿದ್ದೆ ನಾನು. ನಿಮ್ಮ ಪಕ್ಕದಲ್ಲೇ ಮಲಗ್ತಿದ್ದೆ" ಎಂದೆ.

ಇವರು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದರು. ಆಮೇಲೆ ಆಫೀಸಿಗೆ ಫೋನ್ ಮಾಡಿ ಬರುವುದಿಲ್ಲ ಎಂದರು, ಕಾರಣ ಹೇಳಲಿಲ್ಲ. "ಇಲ್ಲಿ ಯಾವ ಡಾಕ್ಟ್ರಿದ್ದಾರೆ?" ಎಂದು ನನ್ನನ್ನು ಕೇಳಿದರು. ನಾನು ಅದನ್ನು ಮೊದಲೇ ಹುಡುಕಿಟ್ಟಿದ್ದೆ.

ಇಲ್ಲಿನ ಆ ಕಾಯುವ ಕೋಣೆಯಲ್ಲಿ ಯಾರೂ ಪೇಪರಿನ ಹಿಂದೆ ಅಡಗಿರಲಿಲ್ಲ. ಅಬಾಯಾ ಹಾಕಿದ ಮುದುಕಿಯೊಬ್ಬರು ಮಗನ ಜೊತೆ ಜಗಳವಾಡುತ್ತಿದ್ದರು, ಒಬ್ಬಳು ಫಿಲಿಪಿನೋ ಹುಡುಗಿ ಬಿಸ್ಕಿಟ್ ತಿನ್ನುತ್ತಿದ್ದಳು. ಈ ಸಲ ಇವರು ಪಾರ್ಕಿಂಗಿನ ಮಾತೆತ್ತದೆ ಒಳಗೆ ಬಂದು ಕೂತರು. ಬಿಪಿ ನೋಡಲು ಬಂದ ಸಿಸ್ಟರ್ ನಮ್ಮ ಹೆಸರು ಓದಿ ಕನ್ನಡದಲ್ಲಿ "ನೀವು ಊರಿನವರಾ? ನಾನು ಮೂಡಬಿದ್ರೆಯವಳು" ಎಂದಳು. ಇವರು ಯಾರಿಗೆ ಹೆದರಿ ಇಷ್ಟೆಲ್ಲ ಮಾಡಿದರೋ ಆ ಊರಿನವಳೇ ಬಿಪಿ ಪಟ್ಟಿ ಹಿಡಿದು ನಿಂತಿದ್ದಳು.

"ಸಿಸ್ಟರ್, ಯಾರಿಗೂ..." ಎಂದು ಇವರು ಶುರು ಮಾಡಿದರು.

"ನಾನು ಯಾರಿಗೂ ಹೇಳುವುದಿಲ್ಲ ಸರ್, ಅದು ನನ್ನ ಕೆಲಸ. ನಮ್ಮವರು ಬಂದ್ರೆ ಮೊದಲು ಅದನ್ನೇ ಹೇಳುವುದು. ಕಾಯಿಲೆ ಎಂತ ಅಂತ ಆಮೇಲೆ ಹೇಳ್ತಾರೆ" ಎಂದು ಅವಳು ನನ್ನ ತೋಳಿಗೆ ಪಟ್ಟಿ ಸುತ್ತಿದಳು.

ಡಾಕ್ಟರು ಈಜಿಪ್ಟಿನವರು. ಊರಿನ ಚೀಟಿ ನೋಡಿ, ಹತ್ತು ಪ್ರಶ್ನೆ ಕೇಳಿ, ಅದೇ ಮದ್ದು ಇಲ್ಲೇ ಸಿಗುತ್ತದೆ ಎಂದು ಬರೆದುಕೊಟ್ಟರು. ಇಲ್ಲೇ ಸಿಗುತ್ತದೆ. ಅಷ್ಟೇ ವಿಷಯ. ಈ ಊರಿನ ಔಷಧಿ ಅಂಗಡಿಯಲ್ಲಿ ಇರುವ ಮಾತ್ರೆಗಾಗಿ ಒಬ್ಬ ಮರ್ಯಾದಸ್ಥನನ್ನು ಕಳ್ಳನ ಕುರ್ಚಿಯಲ್ಲಿ ಕೂರಿಸಿದ್ದೆವು. ಆಮೇಲೆ ನನ್ನ ಇಕಾಮಾ ರಿನ್ಯೂ ಆಗಿದೆ, ಅದನ್ನೂ ಹೇಳಿಬಿಡುತ್ತೇನೆ.

ಸಂಜೆ ಅಬ್ಬಾಸಿಯಾದ ಔಷಧಿ ಅಂಗಡಿಗೆ ಹೋದೆವು. ದೂರದ ಅಂಗಡಿಗೆ ಹೋಗೋಣ ಎಂದು ಇವರು ಹೇಳಬಹುದು ಎಂದುಕೊಂಡಿದ್ದೆ, ಹೇಳಲಿಲ್ಲ. ಚೀಟಿ ಕೊಟ್ಟು ನಿಂತಿದ್ದಾಗ ಒಳಗೆ ಬಂದವರು ಶೇಖರಣ್ಣ. ಇಲ್ಲಿನ ನಮ್ಮ ಊರಿನವರ ಸಂಘದವರು, ಹಿರಿಯರು, ಎಲ್ಲ ಕಾರ್ಯಕ್ರಮದಲ್ಲೂ ಮೈಕ್ ಹಿಡಿಯುವವರು. ನಾನು ಭಜನೆಗೆ ಬರುವುದು ನಿಲ್ಲಿಸಿದಾಗ "ಪುರುಸೊತ್ತು ಜಾಸ್ತಿಯಾದ್ರೆ ಹೀಗೇ" ಎಂದು ನಗಾಡಿದವರು.

"ಎಂತ ಗಂಗಾಧರ, ಯಾರಿಗೆ ಮಾರಾಯ ಮದ್ದು?"

ನಾನು ಬಾಯಿ ಬಿಡಲಿಲ್ಲ. ಬೆಳಗ್ಗೆ ಏರ್‌ಪೋರ್ಟಿನಲ್ಲಿ ನಾನು ಹೇಳಿಯಾಗಿತ್ತು, ಈಗ ಇವರ ಸರದಿ. ಕೌಂಟರಿನವನು ಮಾತ್ರೆಯ ಡಬ್ಬಿಗಳನ್ನು ತಂದು ಎದುರಿಗಿಟ್ಟ. ಇವರು ಅವುಗಳ ಮೇಲೆ ಕೈಯಿಟ್ಟರು, ಮುಚ್ಚಲಿಕ್ಕೋ ಎಂದು ನನಗನಿಸಿತು. ಆಮೇಲೆ ಕೈ ತೆಗೆದರು.

"ಸುಮತಿಗೆ. ಡಿಪ್ರೆಶನ್ ಉಂಟು. ಮದ್ದು ತಗೊಳ್ತಾ ಇದ್ದಾಳೆ, ಈಗ ಅಡ್ಡಿಲ್ಲ" ಎಂದರು. ಸ್ವರ ತಗ್ಗಿಸಲಿಲ್ಲ.

ಶೇಖರಣ್ಣ ನಗಲಿಲ್ಲ. ನನ್ನನ್ನು ನೋಡಿದರು, ಡಬ್ಬಿಗಳನ್ನು ನೋಡಿದರು, ಕಪಾಟಿನ ಕೆಮ್ಮಿನ ಸಿರಪ್ಪುಗಳನ್ನು ನೋಡಿದರು. ತಾವು ಏನು ಕೊಳ್ಳಲು ಬಂದಿದ್ದರೋ ಅದನ್ನು ಕೇಳಲೇ ಇಲ್ಲ. ನಾವು ಹೊರಗೆ ಬಂದಾಗ ಹಿಂದೆಯೇ ಬಂದರು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಮೈಕಿನಲ್ಲಿ ಒಮ್ಮೆಯೂ ಕೇಳಿರದಷ್ಟು ಸಣ್ಣ ದನಿಯಲ್ಲಿ ಕೇಳಿದರು.

"ಆ ಡಾಕ್ಟ್ರ ಹೆಸರು ಎಂತ?"

ಇವರು ಹೇಳಿದರು. ದಾರಿಯನ್ನೂ ಹೇಳಿದರು. "ಬೇಕಾದ್ರೆ ನಾನೇ ಕಾರಿನಲ್ಲಿ ಕರ್ಕೊಂಡು ಹೋಗ್ತೇನೆ" ಎಂದರು. ಶೇಖರಣ್ಣ ತಲೆಯಾಡಿಸಿದರು. ಯಾರಿಗೆ ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಕಾರಿನಲ್ಲಿ ಕೂತ ಮೇಲೆ ಇವರು ಕೀ ತಿರುಗಿಸದೆ ನನ್ನ ಕಡೆ ನೋಡಿದರು. "ಈಗಲಾದ್ರೂ ಸಿಟ್ಟು ಇಳೀತಾ?"

"ಇಲ್ಲ" ಎಂದೆ.

ಇಳಿದಿರಲಿಲ್ಲ. ಶೇಖರಣ್ಣನ ಮನೆಯಲ್ಲಿ ಅದು ಯಾರೇ ಆಗಿರಲಿ, ನಿನಗೇನು ಕಡಿಮೆ ಎಂದು ಕೇಳಿಸಿಕೊಳ್ಳುತ್ತಾ, ಯಾರಾದರೂ ಒಬ್ಬರು ಆ ಹೆಸರನ್ನು ಬಾಯಿಬಿಟ್ಟು ಹೇಳಲಿ ಎಂದು ಎಷ್ಟು ತಿಂಗಳಿಂದ ಕಾಯುತ್ತಿದ್ದರೋ.